ಮುಚ್ಚಿದ ಕಣ್ಣಿಗೆ ಸಿಕ್ಕ ಶಾಲು

ಇದನ್ನು ಬರೆಯುವುದನ್ನು ಎಷ್ಟು ವಾರ ಮುಂದೂಡಿದೆನೆಂದರೆ, ನಡುವೆ ಬದನೆಕಾಯಿ ಎಣ್ಣೆಗಾಯಿಯ ಮೇಲೆಯೇ ಎರಡು ಅಂಕಣ ಬರೆದುಬಿಟ್ಟೆ. ನೀವೂ ಪಾಪ, ಓದಿದಿರಿ.

ಇನ್ನು ಸಾಗದು. ಕಳೆದ ಸೋಮವಾರ ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು. ಕಾಲೇಜಿನ ಪ್ರಾಜೆಕ್ಟ್ ಅಂತೆ: ಹಳೆಯ ಕಾವ್ಯಗಳಲ್ಲಿ ಕಣ್ಣು ಮುಚ್ಚುವುದು.

"ಅಜ್ಜಾ, ನೀ ಪುರಾಣ ಭಾಳ ಕೇಳೀದಿ. ಯಾರ್ಯಾರು ಕಣ್ಣು ಮುಚ್ತಾರ ಹೇಳು."

ಎಸ್ಸೆಸ್ಸೆಲ್ಸಿ ಪಾಸಾದ ಗತ್ತಿನಲ್ಲಿ ಶುರು ಮಾಡಿದೆ. ಋಷಿ ಮುಚ್ಚಿದರೆ ತಪಸ್ಸು. ನಾಯಕಿ ಮುಚ್ಚಿದರೆ ನಲ್ಲನ ನೆನಪು. ವೀರ ಮುಚ್ಚಿದರೆ ಸ್ವರ್ಗ. ದೇವತೆಗಳಂತೂ ರೆಪ್ಪೆಯನ್ನೇ ಬಡಿಯುವುದಿಲ್ಲ (ಕೊಪ್ಪಳದ ಬಸ್ಸಿನ ಧೂಳು ಅವರಿಗೇನು ಗೊತ್ತು?).

"ಹಂಗಾರ ನಿದ್ದಿ ಬಂದು ಯಾರೂ ಮುಚ್ಚಂಗಿಲ್ಲೇನು?"

ನಕ್ಕೆ ನೋಡಿ. ಬಾಯಲ್ಲಿದ್ದ ಮಂಡಕ್ಕಿ ಅವಳ ನೋಟ್‌ಬುಕ್ಕಿನ ಮೇಲೆ ಹಾರಿತು. ನಗು ನಿಂತ ಮೇಲೆ ಮಂಡಕ್ಕಿ ಆರಿಸುತ್ತಿದ್ದಾಗ ನೆನಪಾಯಿತು. ಹಾಗೆ ಮುಚ್ಚಿದವನು ಒಬ್ಬನಿದ್ದಾನಲ್ಲ!

ಆಗ ನಾನು ಮುನಿರಾಬಾದಿನಲ್ಲಿ ಗುಮಾಸ್ತ. ಕಿನ್ನಾಳದ ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣದ ಸಂಜೆಗಳಲ್ಲಿ ಪುರಾಣ. ಬಸ್ಸಿಳಿದವನೇ ಹೋಗಿ ಕಂಬದ ಮರೆಯಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ನೆರೆಮನೆಯ ಗೊಂಬೆ ಕೆಲಸದವನು. ನಮ್ಮೂರ ಕಟ್ಟಿಗೆ ಗೊಂಬೆಗಳಿಗೆ ಎಲ್ಲ ಬಣ್ಣ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುತ್ತಾರೆ. ಅದು ಅವನ ಕೆಲಸ. ದಿನವಿಡೀ ಕಣ್ಣು ಬರೆದವನು ಸಂಜೆ ತನ್ನ ಕಣ್ಣು ಮುಚ್ಚಿ ಕೇಳುತ್ತಿದ್ದ.

"ತೆರದ್ರ ಗುಡಿ ಅಷ್ಟ ಕಾಣ್ತೈತ್ರಿ. ಮುಚ್ಚಿದ್ರ ಕಥಿ ಕಾಣ್ತೈತಿ" ಎನ್ನುತ್ತಿದ್ದ.

ನಾನೂ ಮುಚ್ಚುತ್ತಿದ್ದೆ. ಬೆನ್ನು ನೆಟ್ಟಗೆ, ಕೈ ಮುಗಿದು, ಗೊರಕೆ ಸಮೇತ.

ಒಂದು ಸಂಜೆ, ತಾಯಿಯೊಬ್ಬಳು ಮಗನನ್ನು ಕಳೆದುಕೊಳ್ಳುವ ಘಟ್ಟ. ಥಟ್ಟನೆ ಓದು ನಿಂತಿತು.

"ಯಾರ್ರಿ ಅದು, ಗರಗಸ ಎಳಿಯಾಕ ಹತ್ತೀರಿ?" ಎಂದರು ಪುರಾಣ ಹೇಳುವ ಅಯ್ಯನವರು.

ನನಗೆ ಎಚ್ಚರವಾಯಿತು. ಎಲ್ಲರೂ ಕಂಬದ ಕಡೆಗೇ ನೋಡುತ್ತಿದ್ದರು. ನಾನು ಸುಳ್ಳು ಹೇಳಲಿಲ್ಲ. ಸುಮ್ಮನೆ ಕತ್ತು ಹೊರಳಿಸಿ ಪಕ್ಕಕ್ಕೆ ನೋಡಿದೆ. ಅಷ್ಟು ಸಾಕಾಯಿತು. ಅವನಿನ್ನೂ ಕಣ್ಣು ಮುಚ್ಚಿಯೇ ಇದ್ದ.

"ಏ ತಮ್ಮಾ, ಗೊಂಬಿಗೆಲ್ಲಾ ಕಣ್ಣು ತೆರಸ್ತಿ, ನಿನ್ನವು ಯಾವಾಗ ತೆರೀತಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಗುಡಿಗೆ ಗುಡಿಯೇ ನಕ್ಕಿತು. ನಾನೂ ನಕ್ಕೆ (ಈಗಲೂ ಚುಚ್ಚುವುದು ಇದೇ).

ಅವನು ಕಣ್ಣು ತೆರೆದ. ರೆಪ್ಪೆ ಒದ್ದೆಯಾಗಿತ್ತು. ಗೊರಕೆ ಹೊಡೆಯುತ್ತ ಯಾರಾದರೂ ಅಳುತ್ತಾರೆಯೇ? ಪಕ್ಕದಲ್ಲಿದ್ದ ನನ್ನೊಬ್ಬನಿಗೇ ಅದು ಕಂಡದ್ದು. ಮರುದಿನದಿಂದ ಅವನು ಪುರಾಣಕ್ಕೆ ಬರಲಿಲ್ಲ.

ಪುರಾಣ ಮುಗಿಯುವ ದಿನ, ಭಕ್ತಿಯಿಂದ ಕೇಳಿದ ಒಬ್ಬರಿಗೆ ಶಾಲು ಹೊದಿಸುವ ಪದ್ಧತಿ. ಆ ವರ್ಷ ಯಾರಿಗೆ ಹೊದಿಸಿದರು ಹೇಳಿ? ನನಗೆ. ಕಣ್ಣು ಮುಚ್ಚಿಯೇ ಹೊದ್ದುಕೊಂಡೆ.

ಅವನು ಈಗಲೂ ಗೋಡೆಯಾಚೆ ಇದ್ದಾನೆ. ದಿನಾ ಮುಂಜಾನೆ "ಚಾ ಆತೇನ್ರಿ?" ಎನ್ನುತ್ತಾನೆ. ತಪ್ಪಾಯ್ತು ಅನ್ನಲು ಬಾಯಿ ತೆರೆಯುತ್ತೇನೆ. "ಆತು" ಅಂತಷ್ಟೇ ಬರುತ್ತದೆ.

"ತಪ್ಪು ಮಾಡಿದಾಂವನೂ ಕಣ್ಣು ಮುಚ್ತಾನ ಅಂತ ಬರಕೋ" ಎಂದೆ ಮೊಮ್ಮಗಳಿಗೆ.

"ಯಾವ ಕಾವ್ಯದಾಗ?"

"ಕಿನ್ನಾಳದಾಗ."

ನಮ್ಮೆರಡೂ ಮನೆಗೆ ಒಂದೇ ಪೇಪರ್. ಮೊದಲು ಅವನು ಓದಿ, ಆಮೇಲೆ ಗೋಡೆಯ ಮೇಲಿಂದ ನನಗೆ ಕೊಡುತ್ತಾನೆ. ಈ ಅಂಕಣ ಅಚ್ಚಾದ ದಿನ, ಪೇಪರ್ ಬರುವ ಮೊದಲೇ ಟ್ರಂಕಿನಿಂದ ಆ ಶಾಲು ತೆಗೆದು ಗೋಡೆಯ ಮೇಲೆ ಇಡುತ್ತೇನೆ.

ಗೊರಕಿ ನಂದು, ಶಾಲು ನಿಂದು, ಯಮನೂರಪ್ಪ.