ಹಿಂದಿನ ಬೆಂಚಿನ ಮಸುಕು

ಕಲಬುರಗಿ ಕಡೆಯಿಂದ ಬಂದ ನಾವು ಕಗ್ಗದಾಸಪುರದ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕ. ಏಳನೇ ಕ್ಲಾಸಿನವರೆಗೆ ನಾನು ಓದಿದ್ದು ಪುಟ್ಟ ಸರ್ಕಾರಿ ಶಾಲೆಯಲ್ಲಿ. ಎರಡು ತರಗತಿಗೆ ಒಂದೇ ಕೋಣೆ. ಸೀಮೆಸುಣ್ಣದ ಪುಡಿ ತಲೆ ಮೇಲೆ ಉದುರುವಷ್ಟು ಬೋರ್ಡಿಗೆ ಹತ್ತಿರ, ನೆಲದ ಮೇಲೆ ಕೂರುತ್ತಿದ್ದೆವು. ನನಗೆ ದೂರದ್ದು ಕಾಣಿಸುವುದಿಲ್ಲ ಅನ್ನೋದು ಯಾರಿಗೂ ಗೊತ್ತಾಗಲಿಲ್ಲ, ನನಗೂ.

ಎಂಟನೇ ಕ್ಲಾಸಿಗೆ ವಿಮಾನಪುರದ ಇಂಗ್ಲಿಷ್ ಮೀಡಿಯಂ ಹೈಸ್ಕೂಲು ಸೇರಿದೆ. ಉದ್ದನೆಯ ಕ್ಲಾಸ್‌ರೂಮು. ಎತ್ತರದ ಹುಡುಗಿ ಅಂತ ಕೊನೆಯ ಬೆಂಚು ಸಿಕ್ಕಿತು. ಅಲ್ಲಿಂದ ಬೋರ್ಡಿನ ಮೇಲೆ ಬರೀ ಬಿಳಿ ಮಸುಕು. ಮೇಷ್ಟ್ರ ವೇಗದ ಇಂಗ್ಲಿಷ್ ಕಿವಿಗೆ ನಿಲುಕುತ್ತಿರಲಿಲ್ಲ.

"ಕಾಣ್ಸಲ್ವಾ? ನಾನು ಹೇಳ್ತೀನಿ, ನೀನು ಬರ್ಕೋ," ಅಂದಳು ಪಕ್ಕದವಳು. ಅವಳು ಅಲ್ಲಿಯವಳೇ, ನನ್ನಷ್ಟೇ ಎತ್ತರ. ಅಂದಿನಿಂದ ಅವಳು ಪಿಸುಗುಟ್ಟುವುದು, ನಾನು ಬರೆಯುವುದು.

ಒಂದು ದಿನ ಗಣಿತದ ಮೇಷ್ಟ್ರಿಗೆ ಗಂಟಲು ಕಟ್ಟಿತ್ತು. ಮಾತಿಲ್ಲದೆ ಬೋರ್ಡು ತುಂಬಿಸಿದರು. ನಾನು ಪೆನ್ನು ಹಿಡಿದು ಕಾದೆ. ಗೆಳತಿ ಸುಮ್ಮನೆ ಕೂತಿದ್ದಳು.

"ಹೇಳೇ," ಅಂದೆ.

"ಏನ್ ಹೇಳ್ಲಿ? ನಂಗೂ ಕಾಣ್ಸಲ್ಲ ಕಣೇ. ಇಷ್ಟು ದಿನ ಸರ್ ಹೇಳಿದ್ದನ್ನ ಕೇಳಿಸ್ಕೊಂಡು ಹೇಳ್ತಿದ್ದೆ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಹತ್ತಿರ ಬಂದು ನಿಂತರು. ಹೆದರಿ ಇದ್ದದ್ದನ್ನು ಹೇಳಿಬಿಟ್ಟೆವು. ಅವರು ಬೈಯಲಿಲ್ಲ. ತಮ್ಮ ಕನ್ನಡಕ ತೆಗೆದು, ಒಡೆದ ದನಿಯಲ್ಲಿ "ಹಾಕ್ಕೊಂಡು ನೋಡಮ್ಮ," ಅಂದರು. ಬೋರ್ಡಿನ ಮೇಲೆ ಅಂಕಿಗಳು ಒಂದೊಂದಾಗಿ ಎದ್ದು ನಿಂತವು. ಗೆಳತಿ ನನ್ನ ಮೂಗಿನ ಮೇಲಿಂದಲೇ ಅದನ್ನು ಕಿತ್ತುಕೊಂಡಳು.

ಮನೆಯಲ್ಲಿ ಅವ್ವ ಮುಖ ಸಣ್ಣದು ಮಾಡಿದಳು. "ಈಗಿಂದನ ಹೆಣ್ಹುಡುಗಿಗೆ ಕನ್ನಡಕ ಹಾಕಿದ್ರ ಮುಂದ ಹ್ಯಾಂಗ?" ಅಪ್ಪ ಅವಳ ಮಾತು ಕೇಳಲಿಲ್ಲ, ಭಾನುವಾರ ನನ್ನನ್ನೂ ಗೆಳತಿಯನ್ನೂ ಶಿವಾಜಿನಗರಕ್ಕೆ ಕರೆದುಕೊಂಡು ಹೋದರು. ಕಣ್ಣು ಪರೀಕ್ಷೆಯಾಗಿ, ವಾರ ಬಿಟ್ಟು ಮತ್ತೆ ಹೋದಾಗ ಇಬ್ಬರಿಗೂ ಕನ್ನಡಕ ಬಂತು. ಅದನ್ನು ಹಾಕಿಕೊಂಡು ರಸೆಲ್ ಮಾರುಕಟ್ಟೆ ಹೊಕ್ಕಾಗ, ದ್ರಾಕ್ಷಿ ಗೊಂಚಲಿನಲ್ಲಿ ಒಂದೊಂದು ಹಣ್ಣೂ ಬೇರೆಯಾಗಿ ಕಂಡಿತು. ವಾಪಸ್ ಬರುವಾಗ ನಾವಿಬ್ಬರೂ ಬಸ್ಸಿನ ಕಿಟಕಿಯಿಂದ ಅಂಗಡಿಗಳ ಬೋರ್ಡುಗಳನ್ನೆಲ್ಲ ಜೋರಾಗಿ ಓದಿದೆವು. ಕಂಡಕ್ಟರ್ ಕೂಡ ನಕ್ಕ.

ನಮ್ಮ ಗಲ್ಲಿಯ ತಿರುವಿಗೆ ಬಂದಾಗ ತಾರಸಿ ಮೇಲೆ ಅವ್ವ ಬಟ್ಟೆ ಒಣಹಾಕುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು. ತಲೆ ಮೆಲ್ಲಗೆ ತೂಗುತ್ತಿತ್ತು. ಮೆಟ್ಟಿಲು ಓಡಿ ಹತ್ತಿದೆ. "ಅವ್ವ, ನೀ ಹಾಡ್ಲಿಕತ್ತಿದ್ದಿ?"

"ಅಷ್ಟ್ ದೂರದಿಂದ ಕಾಣಿಸ್ತೇನು ನಿನಗ?" ಅಂತ ಅವ್ವ ನಾಚಿ, ಒದ್ದೆ ಸೀರೆಯ ಹಿಂದೆ ಮುಖ ಮರೆಸಿಕೊಂಡಳು.