ಕಳಿಸಿಕೊಡುವ ಸಾಲು

ಶಿರಂಗಾಲದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆ ಹೋಗುತ್ತಿದ್ದುದು ಸಿದ್ದಮ್ಮನಿಗೆ. ಹೆಣದ ತಲೆಯ ಬಳಿ ಕೂತು ಅವಳು ಹಾಡಿಕೊಂಡು ಅಳತೊಡಗಿದರೆ, ಸತ್ತವನ ಮೇಲೆ ದಾವೆ ಹೂಡಿದ್ದ ದಾಯಾದಿಯೂ ಮೂಗು ಒರೆಸಿಕೊಳ್ಳುತ್ತಿದ್ದ. ಆ ಹಾಡಿಗೆ ಒಂದು ಕ್ರಮವಿತ್ತು. ಮೊದಲು 'ಏಳು, ಎದ್ದು ಬಾ' ಎಂದು ಸತ್ತವರನ್ನು ಕರೆಯಬೇಕು. ಹೆಣ ಎತ್ತುವ ಮುಂಚೆ 'ಹೋಗು, ತಿರುಗಿ ನೋಡಬೇಡ' ಎಂದು ಕಳಿಸಿಕೊಡಬೇಕು. ಕರೆದು ಕಳಿಸದಿದ್ದರೆ ಜೀವ ಹೊಸ್ತಿಲಲ್ಲೇ ನಿಂತುಬಿಡುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಮಗಳು ಧನುಶ್ರೀ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಡೆಂಗಿ ಬಂದು ತೀರಿಕೊಂಡಾಗಲೂ ಸಿದ್ದಮ್ಮನೇ ಹಾಡಿದಳು. ದುಬೈಯಿಂದ ಬರಲಾಗದ ಸೋದರಮಾವನಿಗೆ ಕಳಿಸಲೆಂದು ತಂಗಿಯ ಮಗ ಚಂದ್ರು ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ.

ಚಂದ್ರುವಿಗೆ ಕುಶಾಲನಗರದಲ್ಲಿ ಮೊಬೈಲ್ ಅಂಗಡಿ. ಬಿಡುವಾದಾಗ ರ‍್ಯಾಪ್ ಹಾಡು ಕಟ್ಟುವ ಹುಚ್ಚು. ಹಳೆಯ ಹಾಡಿನ ತುಣುಕೊಂದನ್ನು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಕೆಳಗೆ ಡ್ರಮ್ ಕೂರಿಸಿ, ಮೇಲೆ ತನ್ನ ಮಾತು ಸುರಿಯುವುದು ಆ ಹಾಡುಗಳ ರೀತಿ. ಕೆಲವು ವರ್ಷಗಳ ಮೇಲೆ, ಜೊತೆಗೆ ಬೆಳೆದ ಧನುವಿನ ನೆನಪಿಗೆಂದು ಅವನು ದೊಡ್ಡಮ್ಮನ ದನಿಯಿಂದ 'ಏಳೇ ಧನು, ಎದ್ದು ಬಾರೇ' ಎಂಬಷ್ಟನ್ನು ಕತ್ತರಿಸಿಕೊಂಡ. ಹುಡುಗ ಕೆಟ್ಟವನಲ್ಲ, ಬುದ್ಧಿ ಸಾಲದು ಅಷ್ಟೆ. ಹಾಡು ಕಾಡುಗಿಚ್ಚಿನಂತೆ ಹಬ್ಬಿತು. ಆಟೋಗಳಲ್ಲಿ, ರೀಲ್ಸ್‌ನಲ್ಲಿ, ಕೊನೆಗೆ ಊರಿನ ಕಲ್ಲೇಶಪ್ಪನ ಮಗಳ ಮದುವೆಯ ಡಿಜೆಯಲ್ಲೂ ಬಂತು. ತನ್ನ ಅಳುವಿಗೆ ಜನ ಕುಣಿಯುವುದನ್ನು ಕಂಡ ಸಿದ್ದಮ್ಮ ಊಟದ ಎಲೆ ಬಿಟ್ಟು ಎದ್ದಳು.

ಮರುದಿನ ಅಂಗಡಿಗೇ ಹೋದಳು.

"ಉರಿಯೋ ಮನೇಲಿ ಗಳ ಹಿರಿದಂಗೆ ಮಾಡ್ದಲ್ಲೋ! ಕುಣಿಯೋರು ಕುಣೀಲಿ, ಹಾಳಾಗ್ಲಿ. ಕರೆಯೋದನ್ನ ಮಾತ್ರ ಇಟ್ಕಂಡು ಕಳಿಸೋ ಸಾಲು ಯಾಕ್ಲಾ ಕತ್ತರಿಸ್ದೆ? ದಿನಾ ಊರೆಲ್ಲಾ ಸೇರಿ ನನ್ ಮಗೀನ ಏಳು ಏಳು ಅಂದ್ರೆ ಅದು ಎಲ್ಲಿಗ್ ಹೋದಾತು?"

ಚಂದ್ರು ತಲೆ ತಗ್ಗಿಸಿದ. "ನಾನ್ ಕತ್ತರಿಸ್ಲಿಲ್ಲ ದೊಡ್ಡವ್ವ. ಆ ಸಾಲು ಅವತ್ತು ಹಿಡ್ದಿದ್ರಲ್ಲೇ ಇಲ್ಲ."

"ಸುಳ್ಳ್ ಹೇಳಬ್ಯಾಡ. ನಾನೇ ಹಾಡಿವ್ನಿ."

ಅವನು ಆ ದಿನ ಫೋನಿನಲ್ಲಿ ಹಿಡಿದಿಟ್ಟದ್ದನ್ನು ಪೂರ್ತಿ ಹಾಕಿದ. ಸಿದ್ದಮ್ಮ ಸ್ಟೂಲಿನ ಮೇಲೆ ಕೂತು ಕೇಳಿದಳು. ಏಳೇ ಧನು, ಏಳೇ. ದನಿ ಒಡೆಯಿತು. ಹೊತ್ತಾಯ್ತು ಎತ್ರಪ್ಪ ಎಂದರು ಗಂಡಸರು. ಬಿಡವ್ವ ಎಂದು ಹೆಂಗಸರು ಅವಳನ್ನು ಎಳೆಯುತ್ತಿದ್ದರು. ಎಳೆಸಿಕೊಳ್ಳುತ್ತಲೇ ಅವಳು ಏಳೇ ಎಂದು ಕಿರುಚುತ್ತಿದ್ದಳು. ತಮಟೆಯ ಸದ್ದು ಬೀದಿ ದಾಟಿ ದೂರವಾಯಿತು. ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಹಾಡಿದ್ದೇನೆಂದು ಅವಳು ನಂಬಿದ್ದ ಸಾಲನ್ನು ಆ ದಿನ ಯಾರೂ ಹಾಡಿರಲಿಲ್ಲ.

ಚಂದ್ರು ತಾನು ಹಾಡುವ ಮೈಕನ್ನು ಅವಳ ಮುಂದೆ ತಂದಿಟ್ಟ. "ಈಗ ಹಾಡು ದೊಡ್ಡವ್ವ. ಕೊನೇಲಿ ಸೇರಿಸ್ತೀನಿ."

ಸಿದ್ದಮ್ಮ ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು. ಊರಿನ ಎಷ್ಟೋ ಹೆಣಗಳಿಗೆ ಸಲೀಸಾಗಿ ಹೇಳಿದ ಮಾತು ಅದು. ಮಾತು ಹೊರಡಲಿಲ್ಲ. ಎರಡನೆಯ ಸಲವೂ ಹೊರಡಲಿಲ್ಲ.

"ಆಗಕಿಲ್ಲ ಕಣ್ಲಾ," ಎಂದಳು. "ಹೋಗು ಅಂತ ಹೆಂಗ್ ಅನ್ಲಿ ನಾನು?"

ಮೈಕನ್ನು ತಾನೇ ಪಕ್ಕಕ್ಕೆ ಸರಿಸಿ, ಫೋನನ್ನು ಅವನತ್ತ ತಳ್ಳಿದಳು.

"ಅವಳ್ನ ಕರೀತೀನಲ್ಲ, ಅದನ್ನ ಇನ್ನೊಂದ್ಸಲ ಹಾಕು."