ನಾನು ತೆಗೆದುಹಾಕಿದ ಪ್ರಶ್ನೆ

‘ನಿಮ್ಮ ಮನಿತನದಾಗ ಡಿಗ್ರಿ ಅನ್ನೂದು ಆಗೂದಲ್ಲ ಬಿಡ್ರಿ’ ಎಂದವನು ನಮ್ಮ ಸೋದರಮಾವ. ಆಯಿತು, ಅಕ್ಕ. ಲಂಡನ್ನಿನಲ್ಲೇ ಆಯಿತು. ಆದರೆ ಅದು ಯಾವುದರ ಮೇಲೆ ನಿಂತಿದೆ ಎಂಬುದನ್ನು ನಿನ್ನಿಂದ ಮುಚ್ಚಿಟ್ಟೆ. ನೀನು ಮೋಸ ಹೋದದ್ದು ದಡ್ಡತನದಿಂದಲ್ಲ. ದಾರಿ ಸರಾಗ ಮಾಡಿಕೊಟ್ಟವನು ನಾನು.

ಟೂಟಿಂಗಿನ ನಿಮ್ಮ ಫ್ಲ್ಯಾಟಿನ ಸೋಫಾದ ಮೇಲೆ ಮಲಗಿ ಓದುತ್ತಿದ್ದಾಗ ವಾರಕ್ಕೆ ಮೂರು ದಿನ ಒಂದು ಕಂಪನಿಗೆ ಹೋಗುತ್ತಿದ್ದೆನಲ್ಲ — ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ನಿನಗೆ ಗೊತ್ತು. ಅಂಗಡಿಗಳಲ್ಲಿ ಬಿಟ್‌ಕಾಯಿನ್ ಯಂತ್ರ ನಿಲ್ಲಿಸುವ ಕಂಪನಿ ಅದು. ನೋಟು ಹಾಕಿದರೆ ಬಿಟ್‌ಕಾಯಿನ್ ಆಗಿ ಯಾರ ಖಾತೆಗಾದರೂ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಅವನ್ನೆಲ್ಲ ಒಂದೇ ಕಡೆ ಕೂತು ನಡೆಸುವ ಸಾಫ್ಟ್‌ವೇರ್ ಹೊಂದಿಸಿದವನು ನಾನು.

ನೋಟು ಹಾಕುವ ಮೊದಲು ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ‘ಈಗ ಫೋನಿನಲ್ಲಿ ಯಾರಾದರೂ ನಿಮಗೆ ಹೀಗೆ ಮಾಡಿ ಎನ್ನುತ್ತಿದ್ದಾರೆಯೇ?’ ಹೌದು ಎಂದು ಒತ್ತಿದರೆ ಯಂತ್ರ ನಿಲ್ಲುತ್ತಿತ್ತು. ಅಲ್ಲಿಗೆ ಬಂದು ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ನಾನದನ್ನು ವ್ಯಾಪಾರ ತಪ್ಪಿಸುವ ದೋಷವೆಂದು ಬರೆದುಕೊಂಡೆ. ಮೋಸದಿಂದ ಉಳಿದುಕೊಂಡ ಜನ ಅವರು — ಆಗ ಹಾಗನ್ನಿಸಲಿಲ್ಲ. ಯಾರೂ ಹೇಳಲಿಲ್ಲ, ನಾನೇ ಮುಂದಾಗಿ ಪ್ರಶ್ನೆ ತೆಗೆಸಿದೆ. ಅದನ್ನೇ ಕಾಲೇಜಿನ ಪ್ರಾಜೆಕ್ಟ್ ವರದಿಯಾಗಿ ಬರೆದೆ. ಒಳ್ಳೆಯ ಅಂಕ ಬಂದವು.

ಅದಾದ ಮೇಲೆ ಒಂದು ಮಧ್ಯಾಹ್ನ ನೀನು ಅಳುತ್ತ ಫೋನ್ ಮಾಡಿದೆ. ‘ವೀಸಾ ನೋಡೂ ಹೋಮ್ ಆಫೀಸಿನಾಂವ ಅದೀನಿ ಅಂದ ತಮ್ಮಾ. ರೊಕ್ಕ ಕಟ್ಟಲಿಲ್ಲಂದ್ರ ನಾಳೇನ ನಿಮ್ಮ ಭಾವನ್ನ ಇಂಡಿಯಾಕ್ಕ ಕಳಸ್ತಾರಂತ. ಮಷಿನ್ನಿಗೆ ಹಾಕು, ಫೋನ್ ಇಡಬ್ಯಾಡ ಅಂದ. ನಾ ಇಡಲಿಲ್ಲ.’ ಡಬ್ಬಿ ಊಟ ಕಟ್ಟಿ ನೀನು ಕೂಡಿಟ್ಟಿದ್ದೆಲ್ಲ ಹೋಗಿತ್ತು. ಯಾವ ಅಂಗಡಿ ಎಂದು ಕೇಳಿ ಲ್ಯಾಪ್‌ಟಾಪ್ ತೆರೆದೆ. ನಮ್ಮದೇ ಯಂತ್ರ. ಅದರ ಕ್ಯಾಮೆರಾ ತೆಗೆದ ಫೋಟೊ ಇತ್ತು — ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು, ಎರಡೂ ಕೈಯಲ್ಲಿ ನೋಟು ಸರಿಮಾಡುತ್ತ ನೀನು. ಏನೂ ಅನ್ನಿಸಲಿಲ್ಲ. ಫೋಟೊ ಮುಚ್ಚಿದೆ. ಪ್ರಶ್ನೆ ಇದ್ದಿದ್ದರೆ ನೀನು ಹೌದು ಎಂದೇ ಒತ್ತುತ್ತಿದ್ದೆ. ಸುಳ್ಳು ನಿನಗೆ ಬರುವುದಿಲ್ಲ. ಇಲ್ಲ ಎಂದು ಒತ್ತು ಅಂತ ಫೋನಿನಲ್ಲಿದ್ದವನು ಹೇಳಿಕೊಡುತ್ತಿದ್ದನೇನೋ — ಆ ನೆಪವನ್ನೂ ಬಹಳ ದಿನ ಹಿಡಿದುಕೊಂಡಿದ್ದೆ.

ಎಲ್ಲ ಗೊತ್ತಿದ್ದೇ ಮನೆಗೆ ಬಂದೆ. ಬಂದು ಅಂದೆ: ‘ಓದಿದವರು ಹಿಂಗ ಮೋಸ ಹೋಗೂದಿಲ್ಲಕ್ಕಾ.’

ಏಳನೇ ಇಯತ್ತೆಗೇ ಸಾಲಿ ಬಿಟ್ಟವಳು ನೀನು. ನನ್ನನ್ನು ಎತ್ತಿ ಆಡಿಸಲಿಕ್ಕೆಂದೇ ಬಿಡಿಸಿದ್ದರು.

ಮರುವಾರದಿಂದ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ನೀನು ಹೋಗಲಿಲ್ಲ. ‘ನನ್ನ ತಲಿಗೆ ಹತ್ತೂದಿಲ್ಲೋ’ ಎಂದು ಬ್ಯಾಂಕಿನ ಕಾರ್ಡನ್ನೂ ಭಾವನ ಕೈಗೆ ಕೊಟ್ಟೆ. ನಾನು ತಟ್ಟೆ ನೋಡುತ್ತ ರೊಟ್ಟಿ ಮುರಿದೆ.

ಆ ಕಂಪನಿ ಈಗಿಲ್ಲ, ಯಂತ್ರಗಳನ್ನು ಎತ್ತಿಕೊಂಡು ಹೋದರು. ಬೊಟ್ಟು ಮಾಡಿ ತೋರಿಸಲು ಉಳಿದಿರುವುದು ನಾನೊಬ್ಬನೇ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂರುತ್ತೇನೆ.

ಇಷ್ಟು ಬರೆಯಲು ಕೂತದ್ದು ಘಟಿಕೋತ್ಸವದ ದಿನ ನೀನು ಆಡಿದ ಮಾತಿನಿಂದ. ಇಳಕಲ್ ಸೀರೆಯ ಮೇಲೆ ಭಾವನ ಕೋಟು ಹಾಕಿಕೊಂಡು ಬಂದಿದ್ದೆ. ಸರ್ಟಿಫಿಕೇಟನ್ನು ನಿನ್ನ ಕೈಗೆ ಕೊಟ್ಟೆ. ನೀನು ಸೆರಗಿಗೆ ಕೈ ಒರೆಸಿ ಅಂಚಿನಲ್ಲಷ್ಟೇ ಹಿಡಿದುಕೊಂಡು, ನಗುತ್ತಲೇ ಅಂದೆ:

‘ಛಲೋ ಆತು ತಮ್ಮಾ. ಮನ್ಯಾಗ ಒಬ್ಬರರ ಶ್ಯಾಣ್ಯಾರು ಇರಬೇಕು. ಇಲ್ಲಂದ್ರ ನನ್ನಂಥಾಕಿ ಎಲ್ಲಾ ಕಳದ ಕೂಡತಾಳ.’